ಒಂದೇ ವಿಳಾಸಕ್ಕೆ ಇಬ್ಬರು: ಮನೆಯ ವೈಫೈನಲ್ಲಿ ಐಪಿ ಜಗಳ ಬಿಡಿಸಿ ಫೈಲ್ ಹಂಚಿಕೊಳ್ಳುವುದು ಹೇಗೆ?

ನಮ್ಮ ಮನೆಯ ಪ್ರಿಂಟರ್ ಬೆಳಗ್ಗೆ ಸರಿಯಾಗಿ ಕೆಲಸ ಮಾಡುತ್ತಿತ್ತು, ಸಂಜೆಯಾದರೆ ಕೈ ಕೊಡುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿ, ಮತ್ತೆ ಅದೇ ಕಥೆ. ಎರಡು ವಾರ ಪ್ರಿಂಟರನ್ನೇ ಬೈದುಕೊಂಡೆ. ಡ್ರೈವರ್ ಕಿತ್ತು ಮತ್ತೆ ಹಾಕಿದೆ. ಕೊನೆಗೆ ನೋಡಿದರೆ, ಸಂಜೆ ಮನೆಗೆ ಬರುತ್ತಿದ್ದ ಒಂದು ಫೋನಿಗೂ ಪ್ರಿಂಟರಿಗೂ ಒಂದೇ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ)! ಪ್ರಿಂಟರ್ ತಂದ ದಿನ ಅದಕ್ಕೆ ನಾನೇ ಒಂದು ವಿಳಾಸವನ್ನು ಕೈಯಾರೆ ಟೈಪ್ ಮಾಡಿ ಮರೆತುಬಿಟ್ಟಿದ್ದೆ. ರೂಟರಿಗೆ ಆ ವಿಷಯ ಗೊತ್ತೇ ಇರಲಿಲ್ಲ. ಪ್ರಿಂಟರ್ ನಿದ್ದೆಯಲ್ಲಿದ್ದಾಗ ಅದೇ ವಿಳಾಸವನ್ನು ಫೋನಿಗೆ ಕೊಟ್ಟುಬಿಡುತ್ತಿತ್ತು.

ಫೈಲ್ ಶೇರಿಂಗ್ ತೊಂದರೆಗಳೂ ಎಷ್ಟೋ ಸಲ ಇಲ್ಲಿಂದಲೇ ಶುರುವಾಗುತ್ತವೆ. ಆದ್ದರಿಂದ ಫೋಲ್ಡರ್ ತೆರೆಯುತ್ತಿಲ್ಲ ಎಂದ ಕೂಡಲೇ ಶೇರಿಂಗ್ ಸೆಟ್ಟಿಂಗ್ಸ್‌ಗೆ ಕೈ ಹಾಕಬೇಡಿ. ಮೊದಲು ವಿಳಾಸ ಸರಿ ಇದೆಯಾ ನೋಡಿ. ಆಮೇಲೆ ಒಂದು ಸಾಧನದಿಂದ ಇನ್ನೊಂದಕ್ಕೆ ದಾರಿ ಇದೆಯಾ ನೋಡಿ. ಪಾಸ್‌ವರ್ಡ್, ಅನುಮತಿ ಎಲ್ಲ ಕೊನೆಗೆ. ಈ ಕ್ರಮ ಬಿಟ್ಟು ಸಿಕ್ಕಸಿಕ್ಕಲ್ಲಿ ಬದಲಾಯಿಸುತ್ತಾ ಹೋದರೆ, ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿಕೊಳ್ಳಿ. ಸ್ಲ್ಯಾಷ್ ಎಂದಲ್ಲಿ / ಚಿಹ್ನೆ, ಹೈಫನ್ ಎಂದಲ್ಲಿ - ಚಿಹ್ನೆ.

ವಿಳಾಸ ಹಂಚುವವರು ಯಾರು?

ನಿಮ್ಮ ಫೋನ್ ವೈಫೈಗೆ ಸೇರಿದಾಗ ಒಳಗೆ ಒಂದು ಸಣ್ಣ ಮಾತುಕತೆ ನಡೆಯುತ್ತದೆ. ಫೋನ್ ಕೇಳುತ್ತದೆ: "ಇಲ್ಲಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ?" ರೂಟರ್ ಹೇಳುತ್ತದೆ: "192.168.1.34 ಖಾಲಿ ಇದೆ, ಬೇಕಾ?" ಫೋನ್: "ಸರಿ, ಅದನ್ನೇ ಕೊಡಿ." ರೂಟರ್: "ಬರೆದುಕೊಂಡೆ, ಇಷ್ಟು ಹೊತ್ತು ನಿಮ್ಮದು." ಈ ನಾಲ್ಕು ಮಾತಿನ ವ್ಯವಸ್ಥೆಯೇ ಡಿಎಚ್‌ಸಿಪಿ.

ಇಲ್ಲಿ ಗಮನಿಸಬೇಕಾದ್ದು "ಇಷ್ಟು ಹೊತ್ತು" ಎನ್ನುವ ಮಾತು. ವಿಳಾಸ ಸಿಗುವುದು ಬಾಡಿಗೆಗೆ. ಇದಕ್ಕೆ ಲೀಸ್ ಎನ್ನುತ್ತಾರೆ. ಮನೆಯ ರೂಟರುಗಳಲ್ಲಿ ಲೀಸ್ ಸಾಮಾನ್ಯವಾಗಿ 24 ಗಂಟೆ ಇರುತ್ತದೆ. ಅರ್ಧ ಅವಧಿ ಮುಗಿದಾಗ ಸಾಧನ ತಾನಾಗಿ ಹೋಗಿ ಲೀಸ್ ನವೀಕರಿಸಿಕೊಳ್ಳುತ್ತದೆ. ಎಲ್ಲರೂ ಈ ಒಂದೇ ಕಿಟಕಿಯಲ್ಲಿ ವಿಳಾಸ ತೆಗೆದುಕೊಂಡರೆ ಜಗಳ ಆಗುವುದು ಅಪರೂಪ. ಯಾರೋ ಕಿಟಕಿಗೆ ಬಾರದೆ ತಾವೇ ವಿಳಾಸ ಹಾಕಿಕೊಂಡಾಗ, ಅಥವಾ ಒಂದೇ ಮನೆಯಲ್ಲಿ ಎರಡು ಕಿಟಕಿ ತೆರೆದುಕೊಂಡಾಗ ಜಗಳ ಶುರು.

ಮೂರನೆಯ ಕಾರಣವೂ ಒಂದಿದೆ. ಕರೆಂಟ್ ಹೋಗಿ ಬಂದಾಗ ಕೆಲವು ರೂಟರುಗಳು ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಎನ್ನುವ ಪಟ್ಟಿಯನ್ನೇ ಮರೆತುಬಿಡುತ್ತವೆ. ನಿದ್ದೆಯಲ್ಲಿದ್ದ ಲ್ಯಾಪ್‌ಟಾಪ್ ಎದ್ದು "ಇದು ನನ್ನದು" ಎನ್ನುತ್ತದೆ. ಅಷ್ಟರಲ್ಲಿ ಅದು ಬೇರೆಯವರ ಪಾಲಾಗಿರುತ್ತದೆ. ಇದು ಬಹಳ ಸಲ ತಾನಾಗೇ ಸರಿಹೋಗುತ್ತದೆ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು.

ಹಂತ 1: ನಿಮ್ಮ ವಿಳಾಸ ಓದಿ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು "ಐಪಿಕಾನ್ಫಿಗ್ ಸ್ಲ್ಯಾಷ್ ಆಲ್" ಕೊಡಿ. ಐಪಿಕಾನ್ಫಿಗ್ ಒಂದೇ ಪದ. ಉದ್ದನೆಯ ಪಟ್ಟಿ ಬರುತ್ತದೆ, ಗಾಬರಿ ಬೇಡ. ವೈಫೈ ಅಡಾಪ್ಟರ್ ಇರುವ ಭಾಗಕ್ಕೆ ಹೋಗಿ ನಾಲ್ಕು ಸಾಲು ಮಾತ್ರ ನೋಡಿ: ಐಪಿವಿ4 ವಿಳಾಸ (ಇದೇ ನಮ್ಮ ಐಪಿ ವಿಳಾಸ), ಸಬ್‌ನೆಟ್ ಮಾಸ್ಕ್ (ವಿಳಾಸದ ಎಷ್ಟು ಭಾಗ ನೆಟ್‌ವರ್ಕಿನದು ಎಂದು ಹೇಳುವುದು), ಡೀಫಾಲ್ಟ್ ಗೇಟ್‌ವೇ (ರೂಟರಿನ ವಿಳಾಸ), ಡಿಎಚ್‌ಸಿಪಿ ಸರ್ವರ್ (ವಿಳಾಸ ಕೊಟ್ಟವರು). ಮ್ಯಾಕ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ವೈಫೈಗೆ ಹೋಗಿ, ನಿಮ್ಮ ನೆಟ್‌ವರ್ಕ್ ಪಕ್ಕದ ಡೀಟೇಲ್ಸ್ ಒತ್ತಿ, ಟಿಸಿಪಿ/ಐಪಿ ನೋಡಿ. ಫೋನಿನಲ್ಲಿ ವೈಫೈ ಹೆಸರಿನ ವಿವರಗಳಲ್ಲೇ ವಿಳಾಸ ಇರುತ್ತದೆ.

ಈಗ ಅದನ್ನು ಓದುವುದು ಹೇಗೆ ನೋಡೋಣ.

ವಿಳಾಸ 192.168 ರಿಂದ, 10 ರಿಂದ, ಅಥವಾ 172.16 ರಿಂದ 172.31 ರ ಒಳಗಿನ ಸಂಖ್ಯೆಯಿಂದ ಶುರುವಾದರೆ ಅದು ಮನೆಯೊಳಗಿನ ಖಾಸಗಿ ವಿಳಾಸ. ಇದು ಸಹಜ.

169.254 ರಿಂದ ಶುರುವಾದರೆ ಸಾಧನಕ್ಕೆ ರೂಟರಿನಿಂದ ಉತ್ತರವೇ ಸಿಕ್ಕಿಲ್ಲ, ಅದಕ್ಕೇ ತಾನೇ ಒಂದು ತಾತ್ಕಾಲಿಕ ವಿಳಾಸ ಹಾಕಿಕೊಂಡಿದೆ ಎಂದರ್ಥ. ಇದು ಜಗಳವೇ ಆಗಿರಬೇಕೆಂದಿಲ್ಲ. ರೂಟರ್ ಬಳಿ ಇರುವ ವಿಳಾಸಗಳೆಲ್ಲ ಮುಗಿದಿರಬಹುದು, ಅಥವಾ ರೂಟರೇ ಸಿಕ್ಕಿಹಾಕಿಕೊಂಡಿರಬಹುದು. ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.

ಐಪಿವಿ4 ವಿಳಾಸದ ಮುಂದೆ "ಡೂಪ್ಲಿಕೇಟ್" ಎಂದು ಬಂದಿದ್ದರೆ ಮುಗೀತು, ಇದು ಖಚಿತವಾಗಿ ವಿಳಾಸದ ಜಗಳ. ವಿಂಡೋಸ್ ತಾನೇ ಕಂಡುಹಿಡಿದು ಹೇಳುತ್ತಿದೆ.

ಮನೆಯ ಎರಡು ಸಾಧನಗಳಲ್ಲಿ ಇದೇ ಸಾಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಮಾಸ್ಕ್ 255.255.255.0 ಇದ್ದರೆ ಮೊದಲ ಮೂರು ಸಂಖ್ಯೆ ಎರಡರಲ್ಲೂ ಒಂದೇ ಆಗಿರಬೇಕು. ಒಂದರಲ್ಲಿ 192.168.1, ಇನ್ನೊಂದರಲ್ಲಿ 192.168.0 ಇದ್ದರೆ ಅವು ಬೇರೆ ಬೇರೆ ನೆಟ್‌ವರ್ಕ್‌ನಲ್ಲಿವೆ. ಒಂದೇ ಕೋಣೆಯಲ್ಲಿದ್ದರೂ ಅಷ್ಟೇ. ಡಿಎಚ್‌ಸಿಪಿ ಸರ್ವರ್ ಸಾಲಿನಲ್ಲಿ ಎರಡು ಬೇರೆ ವಿಳಾಸ ಕಂಡರೆ ಮನೆಯಲ್ಲಿ ಎರಡು ಕಿಟಕಿ ತೆರೆದಿವೆ. ಇಂಥವರು ನೇರವಾಗಿ ಹಂತ 4ಕ್ಕೆ ಹೋಗಬಹುದು.

ಹಂತ 2: ಇಬ್ಬರಲ್ಲಿ ಇನ್ನೊಬ್ಬ ಯಾರು?

ಜಗಳ ಇದೆ ಅಂತ ಗೊತ್ತಾಗುವುದು ಸುಲಭ. ಯಾರ ಜೊತೆ ಅಂತ ಗೊತ್ತಾಗುವುದೇ ಕಷ್ಟ. ಪತ್ತೇದಾರಿ ಕೆಲಸ ಇಷ್ಟವಾದರೆ ಈ ಭಾಗ ನಿಮಗೆ ಖುಷಿ ಕೊಡುತ್ತದೆ.

ಪ್ರತಿ ಸಾಧನದ ವೈಫೈ ಚಿಪ್‌ಗೆ ಮ್ಯಾಕ್ ಅಡ್ರೆಸ್ ಎಂಬ ಇನ್ನೊಂದು ಗುರುತು ಇರುತ್ತದೆ. ಹನ್ನೆರಡು ಅಂಕೆ-ಅಕ್ಷರ, ಎರಡೆರಡರ ಆರು ಜೋಡಿ. (ಆಪಲ್‌ನ ಮ್ಯಾಕ್ ಕಂಪ್ಯೂಟರಿಗೂ ಇದಕ್ಕೂ ಸಂಬಂಧ ಇಲ್ಲ.) ಐಪಿ ವಿಳಾಸ ಮನೆ ನಂಬರ್ ಇದ್ದಂತೆ, ಬದಲಾಗುತ್ತದೆ. ಮ್ಯಾಕ್ ಅಡ್ರೆಸ್ ಬೆರಳ ಗುರುತಿನ ಥರ. ಒಂದೇ ಐಪಿಗೆ ಎರಡು ಬೇರೆ ಮ್ಯಾಕ್ ಅಡ್ರೆಸ್ ಸಿಕ್ಕರೆ ಕಳ್ಳ ಸಿಕ್ಕ.

ನಮ್ಮ ಪ್ರಿಂಟರ್ ವಿಷಯದಲ್ಲಿ ನಾನು ಮಾಡಿದ್ದು ಇಷ್ಟು. ಜಗಳದಲ್ಲಿ ಇಲ್ಲದ ಮೂರನೇ ಕಂಪ್ಯೂಟರಿನಲ್ಲಿ ಕೂತೆ. ಜಗಳದ ವಿಳಾಸವನ್ನು ಕರೆದು ಉತ್ತರ ಬರುತ್ತದೆಯಾ ನೋಡಲು "ಪಿಂಗ್ 192.168.1.34" ಕೊಟ್ಟೆ. ಉತ್ತರ ಬಂತು. ಕೂಡಲೇ "ಎಆರ್‌ಪಿ ಹೈಫನ್ ಎ" ಕೊಟ್ಟೆ. ಯಾವ ಐಪಿಗೆ ಯಾವ ಮ್ಯಾಕ್ ಅಡ್ರೆಸ್ ಎಂದು ತೋರಿಸುವ ಪಟ್ಟಿ ಬಂತು. ಅದರಲ್ಲಿ 192.168.1.34 ರ ಎದುರಿನ ಮ್ಯಾಕ್ ಅಡ್ರೆಸ್ ಬರೆದುಕೊಂಡೆ. ಆಮೇಲೆ ಹೋಗಿ ಪ್ರಿಂಟರಿನ ಪ್ಲಗ್ ಕಿತ್ತೆ. ವಾಪಸ್ ಬಂದು, ಹಳೆಯ ನೆನಪು ಅಳಿಸಲು "ಎಆರ್‌ಪಿ ಹೈಫನ್ ಡಿ 192.168.1.34" ಕೊಟ್ಟೆ. ಇದಕ್ಕೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿರಬೇಕು. ಮತ್ತೆ ಪಿಂಗ್ ಮಾಡಿದೆ.

ಪ್ರಿಂಟರಿಗೆ ಕರೆಂಟೇ ಇಲ್ಲ. ಆದರೂ 192.168.1.34 ರಿಂದ ಉತ್ತರ ಬಂತು! ಮತ್ತೆ ಎಆರ್‌ಪಿ ಪಟ್ಟಿ ನೋಡಿದರೆ ಈಗ ಬೇರೆಯೇ ಮ್ಯಾಕ್ ಅಡ್ರೆಸ್. ಅದರ ಎರಡನೇ ಅಕ್ಷರ 6.

ಆ ಎರಡನೇ ಅಕ್ಷರ ಯಾಕೆ ಮುಖ್ಯ? ಅದು 2, 6, ಎ, ಅಥವಾ ಇ ಆಗಿದ್ದರೆ ಆ ಮ್ಯಾಕ್ ಅಡ್ರೆಸ್ ಕಾರ್ಖಾನೆಯಲ್ಲಿ ಕೊಟ್ಟಿದ್ದಲ್ಲ, ಸಾಫ್ಟ್‌ವೇರ್ ಹುಟ್ಟಿಸಿದ್ದು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14 ರಿಂದ ಈಚೆಗೆ ಫೋನುಗಳು ಗುರುತು ಮರೆಮಾಚಲು ಹೀಗೆ ಮಾಡುತ್ತವೆ. ಹಾಗಾಗಿ ನನ್ನ ಅನುಮಾನ ನೇರವಾಗಿ ಫೋನುಗಳ ಮೇಲೆ ಹೋಯಿತು. ಒಂದೊಂದರ ವೈಫೈ ಆಫ್ ಮಾಡುತ್ತಾ ಹೋದೆ. ಎರಡನೇ ಫೋನಿಗೇ ಪಿಂಗ್ ನಿಂತಿತು. ಮ್ಯಾಕ್ ಅಡ್ರೆಸ್ ಕಾರ್ಖಾನೆಯದೇ ಆಗಿದ್ದರೆ ಅದರ ಮೊದಲ ಮೂರು ಜೋಡಿ ತಯಾರಕರನ್ನು ಹೇಳುತ್ತದೆ. ಆ ಆರು ಅಕ್ಷರ ಹಾಕಿ ಹುಡುಕಿದರೆ ಸಾಧನ ಟಿವಿಯಾ, ಕ್ಯಾಮೆರಾವಾ ಅಂತ ಅಂದಾಜು ಸಿಗುತ್ತದೆ.

ಇಷ್ಟೆಲ್ಲ ಓಡಾಟ ಬೇಡ ಎನ್ನುವವರಿಗೆ ಒಂದು ಹತ್ತಿರದ ದಾರಿ ಇದೆ. ಜಗಳದಲ್ಲಿರುವುದು ವಿಂಡೋಸ್ ಕಂಪ್ಯೂಟರ್ ಆಗಿದ್ದರೆ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಂ ಆರಿಸಿ, 4199 ನಂಬರಿನ ಈವೆಂಟ್ ಇದೆಯಾ ಹುಡುಕಿ. ಯಾವ ಐಪಿಗೆ ಜಗಳ ಆಯಿತು, ಎದುರಾಳಿಯ ಮ್ಯಾಕ್ ಅಡ್ರೆಸ್ ಏನು ಎಂದು ಅಲ್ಲೇ ಬರೆದಿರುತ್ತದೆ. ಇದು ಮೊದಲೇ ಗೊತ್ತಿದ್ದರೆ ಎಷ್ಟೋ ಸಲ ನನ್ನ ಸಮಯ ಉಳಿಯುತ್ತಿತ್ತು.

ಹಂತ 3: ಜಗಳ ಬಿಡಿಸಿ, ಮತ್ತೆ ಬರದಂತೆ ಮಾಡಿ

ಈ ಕ್ಷಣಕ್ಕೆ ಕೆಲಸ ಆಗಬೇಕೆಂದರೆ ಒಂದು ಸಾಧನ ವಿಳಾಸ ಬಿಟ್ಟು ಹೊಸದು ಕೇಳಲಿ. ವಿಂಡೋಸ್‌ನಲ್ಲಿ "ಐಪಿಕಾನ್ಫಿಗ್ ಸ್ಲ್ಯಾಷ್ ರಿಲೀಸ್", ಆಮೇಲೆ "ಐಪಿಕಾನ್ಫಿಗ್ ಸ್ಲ್ಯಾಷ್ ರಿನ್ಯೂ". ಮ್ಯಾಕ್‌ನಲ್ಲಿ ಅದೇ ಟಿಸಿಪಿ/ಐಪಿ ಪುಟದಲ್ಲಿ ರಿನ್ಯೂ ಡಿಎಚ್‌ಸಿಪಿ ಲೀಸ್ ಬಟನ್. ಫೋನಿನಲ್ಲಿ ವೈಫೈ ಮರೆಸಿ ಮತ್ತೆ ಸೇರಿಸಿ. ಆದರೆ ಇದು ತೇಪೆ ಹಚ್ಚುವ ಕೆಲಸ ಅಷ್ಟೇ. ಕಾರಣ ಹಾಗೇ ಉಳಿದರೆ ನಾಳೆ ಮತ್ತೆ ಬರುತ್ತದೆ.

ಶಾಶ್ವತ ಪರಿಹಾರ ಇದು. ವಿಳಾಸ ಕೊಡುವ ಅಧಿಕಾರ ಒಬ್ಬರ ಕೈಯಲ್ಲೇ ಇರಬೇಕು, ಅಂದರೆ ರೂಟರ್ ಕೈಯಲ್ಲಿ. ಪ್ರಿಂಟರ್, ಟಿವಿ, ಕ್ಯಾಮೆರಾ, ಯಾವುದರಲ್ಲೂ ಐಪಿಯನ್ನು ನೀವೇ ಟೈಪ್ ಮಾಡಬೇಡಿ. ಎಲ್ಲೆಲ್ಲಿ ಮ್ಯಾನ್ಯುವಲ್ ಅಥವಾ ಸ್ಟ್ಯಾಟಿಕ್ ಎಂದಿದೆಯೋ ಅಲ್ಲೆಲ್ಲ ಆಟೋಮ್ಯಾಟಿಕ್ ಅಥವಾ ಡಿಎಚ್‌ಸಿಪಿ ಎಂದು ಬದಲಿಸಿ. "ಹಾಗಾದರೆ ಪ್ರಿಂಟರಿನ ವಿಳಾಸ ಬದಲಾಗುತ್ತಾ ಇರುತ್ತಲ್ಲ?" ಎಂದು ಕೇಳಬಹುದು. ಅದಕ್ಕೇ ರಿಸರ್ವೇಶನ್ ಇರುವುದು.

ಬ್ರೌಸರಿನಲ್ಲಿ ಡೀಫಾಲ್ಟ್ ಗೇಟ್‌ವೇ ವಿಳಾಸ ಹಾಕಿ ರೂಟರಿನ ಪುಟಕ್ಕೆ ಹೋಗಿ. ಲ್ಯಾನ್ ಅಥವಾ ಡಿಎಚ್‌ಸಿಪಿ ಎಂಬ ಭಾಗ ಹುಡುಕಿ. ಅದರಲ್ಲಿ ಅಡ್ರೆಸ್ ರಿಸರ್ವೇಶನ್, ಸ್ಟ್ಯಾಟಿಕ್ ಲೀಸ್, ಅಥವಾ ಐಪಿ-ಮ್ಯಾಕ್ ಬೈಂಡಿಂಗ್ ಎಂಬ ಹೆಸರಿನಲ್ಲಿ ಒಂದು ಪಟ್ಟಿ ಇರುತ್ತದೆ. ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ, ಕೆಲಸ ಒಂದೇ. ಅಲ್ಲಿ ಪ್ರಿಂಟರಿನ ಮ್ಯಾಕ್ ಅಡ್ರೆಸ್ ಹಾಕಿ, ಅದಕ್ಕೆ 192.168.1.20 ಎಂದು ಬರೆಯಿರಿ. ಇನ್ನು ಮೇಲೆ ಪ್ರಿಂಟರ್ ಕಿಟಕಿಗೆ ಬಂದಾಗಲೆಲ್ಲ ಅದೇ ವಿಳಾಸ ಸಿಗುತ್ತದೆ, ಬೇರೆ ಯಾರಿಗೂ ಅದನ್ನು ಕೊಡುವುದಿಲ್ಲ. ಬರೆದ ಮೇಲೆ ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಹಳೆಯ ಲೀಸ್ ಬಿಟ್ಟು ಹೊಸದು ತೆಗೆದುಕೊಳ್ಳಲಿ.

ಫೈಲ್ ಹಂಚುವ ಕಂಪ್ಯೂಟರಿಗೂ ಇದೇ ರೀತಿ ಒಂದು ವಿಳಾಸ ಕಾದಿರಿಸಿ. ಉದಾಹರಣೆಗೆ 192.168.1.25. ಯಾಕೆಂದು ಹಂತ 6ರಲ್ಲಿ ಗೊತ್ತಾಗುತ್ತದೆ.

ಇಲ್ಲಿ ಎರಡು ಎಡವಟ್ಟು ಆಗಬಹುದು. ಒಂದು, ಕೆಲವು ರೂಟರುಗಳು ಕಾದಿರಿಸುವ ವಿಳಾಸ ತಾವು ಹಂಚುವ ಶ್ರೇಣಿಯ ಒಳಗೇ ಇರಬೇಕು ಎನ್ನುತ್ತವೆ. ಹೊರಗಿನದು ಕೊಟ್ಟರೆ ತಪ್ಪು ಎಂದು ತೋರಿಸುತ್ತವೆ. ಆಗ ಸುಮ್ನೆ ಒಳಗಿನದೇ ಒಂದು ಕೊಡಿ. ಇನ್ನೊಂದು, ಫೋನಿಗೆ ವಿಳಾಸ ಕಾದಿರಿಸುವುದಾದರೆ ಮೊದಲು ಫೋನಿನ ವೈಫೈ ವಿವರದಲ್ಲಿ ಮ್ಯಾಕ್ ಮರೆಮಾಚುವ ಆಯ್ಕೆಯನ್ನು ಮನೆಯ ನೆಟ್‌ವರ್ಕ್‌ಗೆ ಮಾತ್ರ ಆಫ್ ಮಾಡಿ. ಐಫೋನ್‌ನಲ್ಲಿ ಇದು ಪ್ರೈವೇಟ್ ವೈಫೈ ಅಡ್ರೆಸ್ ಎಂಬ ಹೆಸರಿನಲ್ಲಿದೆ.

ಯಾವುದೋ ಹಳೆಯ ಸಾಧನಕ್ಕೆ ಕೈಯಾರೆ ವಿಳಾಸ ಕೊಡಲೇಬೇಕು ಎಂದಾದರೆ ರೂಟರ್ ಹಂಚುವ ಶ್ರೇಣಿಯನ್ನು ಕಡಿಮೆ ಮಾಡಿ. 192.168.1.100 ರಿಂದ 192.168.1.199 ವರೆಗೆ ಮಾತ್ರ ರೂಟರ್ ಹಂಚಲಿ. ನೂರು ವಿಳಾಸ ಮನೆಗೆ ಜಾಸ್ತಿಯೇ ಆಯಿತು. ಕೈಯಾರೆ ಕೊಡುವ ವಿಳಾಸ ಇದರ ಹೊರಗೆ, 2 ರಿಂದ 99 ರ ಒಳಗೆ ಇರಲಿ.

ಹಂತ 4: ಎರಡನೇ ರೂಟರ್ ಎಂಬ ತಲೆನೋವು

ಒಳಕೋಣೆಗೆ ಸಿಗ್ನಲ್ ಬರಲ್ಲ ಅಂತ ಹಳೆಯ ರೂಟರನ್ನು ಕೇಬಲ್ ಹಾಕಿ ಅಲ್ಲಿಡುತ್ತೇವೆ. ಸಿಗ್ನಲ್ ಬರುತ್ತದೆ, ಜೊತೆಗೆ ತೊಂದರೆಯೂ ಬರುತ್ತದೆ. ಯಾಕೆಂದರೆ ಅದೂ ರೂಟರೇ ಅಲ್ವಾ, ಅದೂ ವಿಳಾಸ ಹಂಚುತ್ತದೆ.

ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ (ಮನೆಯ ಸಾಧನಗಳನ್ನು ಜೋಡಿಸುವ ತೂತು) ಚುಚ್ಚಿದ್ದರೆ ಒಂದೇ ನೆಟ್‌ವರ್ಕ್‌ನಲ್ಲಿ ಇಬ್ಬರು ವಿಳಾಸ ಹಂಚುತ್ತಿರುತ್ತಾರೆ. ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಗೊತ್ತಿಲ್ಲ. ಎರಡೂ ರೂಟರುಗಳ ಸ್ವಂತ ವಿಳಾಸ 192.168.1.1 ಆಗಿದ್ದರಂತೂ ಮನೆಯ ಇಂಟರ್ನೆಟ್ಟೇ ಹೋಗಿ ಬರುತ್ತಾ ಇರುತ್ತದೆ. ಕೇಬಲನ್ನು ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಬರುವ ತೂತು) ಚುಚ್ಚಿದ್ದರೆ ವಿಳಾಸದ ಜಗಳ ಇರುವುದಿಲ್ಲ, ಆದರೆ ಮನೆ ಎರಡು ಭಾಗವಾಗಿರುತ್ತದೆ. ಇದರ ಗುರುತು ವಿಚಿತ್ರ: ಒಳಕೋಣೆಯ ಲ್ಯಾಪ್‌ಟಾಪಿನಿಂದ ಹಜಾರದ ಕಂಪ್ಯೂಟರ್ ತೆರೆಯುತ್ತದೆ, ಹಜಾರದಿಂದ ಒಳಕೋಣೆಯದು ತೆರೆಯುವುದಿಲ್ಲ. ಒಂದೇ ಕಡೆಗೆ ಕೆಲಸ ಮಾಡುವ ಶೇರಿಂಗ್ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಸರಿ ಮಾಡುವುದಕ್ಕೆ ಎರಡನೇ ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ಆಯ್ಕೆ) ಇದೆಯಾ ನೋಡಿ. ಇದ್ದರೆ ಅದನ್ನು ಒತ್ತಿ, ಅಲ್ಲಿಗೆ ಮುಗೀತು. ಇಲ್ಲದಿದ್ದರೆ ಹೀಗೆ ಮಾಡಿ. ಎರಡನೇ ರೂಟರಿಗೆ ಒಂದು ಲ್ಯಾಪ್‌ಟಾಪನ್ನು ಮಾತ್ರ ಜೋಡಿಸಿ, ಮೊದಲ ರೂಟರಿನ ಕೇಬಲ್ ತೆಗೆದಿಡಿ. ಅದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ. ಪುಟ ಕಡಿದುಹೋಗುತ್ತದೆ, ಹೊಸ ವಿಳಾಸ ಹಾಕಿ ಮತ್ತೆ ಒಳಗೆ ಬನ್ನಿ. ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ ಸೇವ್ ಮಾಡಿ. ಈಗ ಮೊದಲ ರೂಟರಿನ ಕೇಬಲನ್ನು ಇದರ ಲ್ಯಾನ್ ಪೋರ್ಟಿಗೆ ಚುಚ್ಚಿ. ವ್ಯಾನ್ ಪೋರ್ಟ್ ಖಾಲಿ ಬಿಡಿ. ಈ ಕ್ರಮ ಮುಖ್ಯ. ಮೊದಲೇ ಡಿಎಚ್‌ಸಿಪಿ ಆಫ್ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಸಿಗದೆ ರೂಟರ್ ಪುಟಕ್ಕೆ ಹೋಗುವುದೇ ಕಷ್ಟವಾಗಬಹುದು.

ಮೊದಲ ರೂಟರಿನ ವಿಳಾಸ 192.168.0.1 ಆಗಿದ್ದರೆ ಎರಡನೆಯದಕ್ಕೆ 192.168.0.2 ಕೊಡಿ. ಅದು ಮೊದಲ ರೂಟರ್ ಹಂಚುವ ಶ್ರೇಣಿಯ ಹೊರಗಿದೆಯಾ ಅಂತಲೂ ಒಮ್ಮೆ ನೋಡಿಕೊಳ್ಳಿ. ಇಲ್ಲಾಂದ್ರೆ ಹೊಸ ಜಗಳಕ್ಕೆ ನಾವೇ ದಾರಿ ಮಾಡಿದಂತೆ.

ಹಂತ 5: ವಿಳಾಸ ಸರಿ, ಆದರೂ ಒಬ್ಬರಿಗೊಬ್ಬರು ಕಾಣುತ್ತಿಲ್ಲ

ಇಲ್ಲಿ ಪರೀಕ್ಷಿಸಬೇಕಾದ್ದು ಸ್ವಲ್ಪವೇ. ಬೇಗ ಬೇಗ ನೋಡಿಬಿಡಿ.

ಒಂದು ಸಾಧನ ಗೆಸ್ಟ್ ವೈಫೈನಲ್ಲಿದೆಯಾ? ಗೆಸ್ಟ್ ನೆಟ್‌ವರ್ಕ್ ಇರುವುದೇ ಅತಿಥಿಗಳು ಮನೆಯ ಸಾಧನಗಳನ್ನು ಮುಟ್ಟದಿರಲಿ ಅಂತ. ರೂಟರಿನಲ್ಲಿ ಎಪಿ ಐಸೊಲೇಶನ್ ಅಥವಾ ಕ್ಲೈಂಟ್ ಐಸೊಲೇಶನ್ ಆನ್ ಇದ್ದರೂ ಇದೇ ಪರಿಣಾಮ: ಇಂಟರ್ನೆಟ್ ಬರುತ್ತದೆ, ಪಕ್ಕದ ಲ್ಯಾಪ್‌ಟಾಪ್ ಕಾಣುವುದಿಲ್ಲ. ವಿಪಿಎನ್ (ಸಂಪರ್ಕವನ್ನು ಹೊರಗಿನ ಸರ್ವರ್ ಮೂಲಕ ಸಾಗಿಸುವ ಆ್ಯಪ್) ಓಡುತ್ತಿದ್ದರೆ ನಿಲ್ಲಿಸಿ ನೋಡಿ. ಫೈಲ್ ಇರುವ ಕಂಪ್ಯೂಟರ್ ನಿದ್ದೆಗೆ ಹೋಗಿದೆಯಾ ನೋಡಿ. ಈ ಕೊನೆಯದನ್ನು ಹೇಳಲು ನಾಚಿಕೆ, ಆದರೆ ನಾನೇ ಅರ್ಧ ಗಂಟೆ ಹಾಳು ಮಾಡಿದ್ದೇನೆ.

ವಿಂಡೋಸ್‌ನಲ್ಲಿ ನೆಟ್‌ವರ್ಕ್ ಪ್ರೊಫೈಲ್ ನೋಡಲೇಬೇಕು. ಸೆಟ್ಟಿಂಗ್ಸ್, ನೆಟ್‌ವರ್ಕ್ ಆಂಡ್ ಇಂಟರ್ನೆಟ್, ವೈಫೈ, ನಿಮ್ಮ ನೆಟ್‌ವರ್ಕ್‌ನ ಪ್ರಾಪರ್ಟೀಸ್. ಪಬ್ಲಿಕ್ ಎಂದಿದ್ದರೆ ಪ್ರೈವೇಟ್ ಮಾಡಿ. ಪಬ್ಲಿಕ್‌ನಲ್ಲಿ ಫೈರ್‌ವಾಲ್, ಅಂದರೆ ಕಂಪ್ಯೂಟರಿನ ಕಾವಲುಗಾರ, ಹೊರಗಿನಿಂದ ಬರುವ ಪಿಂಗ್‌ಗೂ ಉತ್ತರ ಕೊಡುವುದಿಲ್ಲ, ಶೇರಿಂಗಿಗೂ ಬಿಡುವುದಿಲ್ಲ. ಹಾಗಾಗಿ ಪಿಂಗ್ ಸೋತ ಮಾತ್ರಕ್ಕೆ ಕಂಪ್ಯೂಟರ್ ಇಲ್ಲ ಎಂದುಕೊಳ್ಳಬೇಡಿ. ಪಿಂಗ್ ಮಾಡಿದ ತಕ್ಷಣ ಎಆರ್‌ಪಿ ಪಟ್ಟಿ ನೋಡಿ. ಆ ಐಪಿ ಎದುರು ಮ್ಯಾಕ್ ಅಡ್ರೆಸ್ ಬಂದಿದ್ದರೆ ಕಂಪ್ಯೂಟರ್ ಇದೆ, ಬಾಗಿಲು ತೆಗೆಯುತ್ತಿಲ್ಲ ಅಷ್ಟೇ.

ಆಮೇಲೆ ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗಿನ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರೈವೇಟ್ ನೆಟ್‌ವರ್ಕ್ಸ್ ಕೆಳಗೆ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಆಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ. ಬೇರೆ ಆಂಟಿವೈರಸ್ ಇದ್ದರೆ ಅದಕ್ಕೂ ಸ್ವಂತ ಫೈರ್‌ವಾಲ್ ಇರಬಹುದು. ಅಲ್ಲೂ ಈ ನೆಟ್‌ವರ್ಕ್ ನಂಬಿಕೆಯದು ಎಂದು ಹೇಳಬೇಕು.

ಹಂತ 6: ಹೆಸರಿನಿಂದಲ್ಲ, ವಿಳಾಸದಿಂದ ತೆರೆಯಿರಿ

ಫೈಲ್ ಎಕ್ಸ್‌ಪ್ಲೋರರಿನ ನೆಟ್‌ವರ್ಕ್ ಪುಟ ಖಾಲಿ ಇದೆ ಎನ್ನುವುದು ಸಾಮಾನ್ಯ ದೂರು. ಅದನ್ನು ನಂಬಬೇಡಿ. ಅಲ್ಲಿ ಕಾಣದ ಕಂಪ್ಯೂಟರೂ ಚೆನ್ನಾಗಿ ತೆರೆದುಕೊಳ್ಳುತ್ತದೆ. ಎಕ್ಸ್‌ಪ್ಲೋರರಿನ ಮೇಲಿನ ಪಟ್ಟಿಯಲ್ಲಿ \\192.168.1.25 ಎಂದು ಹಾಕಿ ಎಂಟರ್ ಒತ್ತಿ. ಏನಾಗುತ್ತದೆ ಎನ್ನುವುದೇ ರೋಗ ಎಲ್ಲಿದೆ ಎಂದು ಹೇಳುತ್ತದೆ.

ಫೋಲ್ಡರುಗಳು ಕಂಡರೆ ಶೇರಿಂಗ್ ಸರಿಯಾಗಿದೆ. ತೊಂದರೆ ಇರುವುದು ಹೆಸರು ಹುಡುಕುವುದರಲ್ಲಿ ಮಾತ್ರ. ಫೈಲ್ ಇರುವ ಕಂಪ್ಯೂಟರಿನ ಸರ್ವಿಸಸ್ ಪಟ್ಟಿಯಲ್ಲಿ ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್ ಎನ್ನುವುದು ಓಡುತ್ತಿದೆಯಾ ನೋಡಬಹುದು. ಎರಡು ಕಂಪ್ಯೂಟರಿಗೆ ಒಂದೇ ಹೆಸರು ಇಟ್ಟಿದ್ದೀರಾ ನೋಡಬಹುದು. ನಾನಂತೂ ಅದರ ಗೋಜಿಗೆ ಹೋಗುವುದಿಲ್ಲ. ವಿಳಾಸ ಹೇಗೂ ರೂಟರಿನಲ್ಲಿ ಕಾದಿರಿಸಿದ್ದೇನೆ, ಅದು ಬದಲಾಗುವುದಿಲ್ಲ. ಆ ವಿಳಾಸ ಹಾಕಿಯೇ ಫೋಲ್ಡರನ್ನು ನೆಟ್‌ವರ್ಕ್ ಡ್ರೈವ್ ಆಗಿ ಮ್ಯಾಪ್ ಮಾಡಿಕೊಳ್ಳುತ್ತೇನೆ.

ಪಾಸ್‌ವರ್ಡ್ ಕೇಳಿದರೆ ದಾರಿ ತೆರೆದಿದೆ. ಹಂತ 7 ನೋಡಿ.

ಬಹಳ ಹೊತ್ತು ತಿರುಗಿ ತಿರುಗಿ, ಕೊನೆಗೆ 80070035 ಎಂಬ ಅಂಕೆಯಿರುವ ತಪ್ಪು ಬಂದರೆ ದಾರಿ ಎಲ್ಲೋ ಮುಚ್ಚಿದೆ. ಪವರ್‌ಶೆಲ್ ತೆರೆದು "ಟೆಸ್ಟ್-ನೆಟ್‌ಕನೆಕ್ಷನ್ 192.168.1.25 -ಪೋರ್ಟ್ 445" ಕೊಡಿ. ವಿಂಡೋಸ್ ಫೈಲ್ ಶೇರಿಂಗ್ ನಡೆಯುವುದು ಎಸ್‌ಎಂಬಿ ಎಂಬ ವಿಧಾನದಲ್ಲಿ, ಅದರ ಬಾಗಿಲು 445. ಕೊನೆಯ ಸಾಲಿನಲ್ಲಿ ಟ್ರೂ ಬಂದರೆ ಬಾಗಿಲು ತೆರೆದಿದೆ. ಫಾಲ್ಸ್ ಬಂದರೆ ಹಂತ 5ಕ್ಕೆ ವಾಪಸ್ ಹೋಗಿ. ಈ 445 ಪೋರ್ಟನ್ನು ರೂಟರಿನಲ್ಲಿ ಹೊರಗಿನ ಇಂಟರ್ನೆಟ್‌ಗೆ ಮಾತ್ರ ಯಾವತ್ತೂ ತೆರೆಯಬೇಡಿ. ಮನೆಯೊಳಗಿನ ಶೇರಿಂಗಿಗೆ ಅದರ ಅಗತ್ಯವೇ ಇಲ್ಲ.

ಮ್ಯಾಕ್‌ನಿಂದ ತೆರೆಯಲು ಫೈಂಡರ್‌ನಲ್ಲಿ ಗೋ ಮೆನು, ಕನೆಕ್ಟ್ ಟು ಸರ್ವರ್, ಅಲ್ಲಿ ಎಸ್‌ಎಂಬಿ://192.168.1.25. ಐಫೋನ್‌ನ ಫೈಲ್ಸ್ ಆ್ಯಪ್‌ನಲ್ಲೂ ಕನೆಕ್ಟ್ ಟು ಸರ್ವರ್ ಇದೆ, ಇದೇ ವಿಳಾಸ ಸಾಕು. ಬೇರೆ ಆ್ಯಪ್ ಬಳಸುತ್ತಿದ್ದು ಏನೂ ಕಾಣದಿದ್ದರೆ, ಫೋನಿನ ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಲೋಕಲ್ ನೆಟ್‌ವರ್ಕ್ ಅನುಮತಿ ಇದೆಯಾ ನೋಡಿ. ಮೊದಲ ಸಲ ಕೇಳಿದಾಗ ಬೇಡ ಎಂದು ಒತ್ತಿರುತ್ತೇವೆ.

ಹಂತ 7: ಪಾಸ್‌ವರ್ಡ್ ಸರಿಯಾಗೇ ಹಾಕಿದ್ದೀನಿ, ಆದರೂ ಬಿಡುತ್ತಿಲ್ಲ

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಕಾರಣ ಹತ್ತರಲ್ಲಿ ಒಂಬತ್ತು ಸಲ ಪಿನ್. ದಿನಾ ಕಂಪ್ಯೂಟರ್ ತೆರೆಯಲು ಹಾಕುವ ನಾಲ್ಕು ಅಂಕೆಯ ಪಿನ್ ಆ ಕಂಪ್ಯೂಟರ್ ಎದುರು ಕೂತಾಗ ಮಾತ್ರ ನಡೆಯುತ್ತದೆ. ನೆಟ್‌ವರ್ಕ್ ಮೂಲಕ ಬಂದರೆ ನಡೆಯುವುದಿಲ್ಲ. ಅಲ್ಲಿ ಬೇಕಾದ್ದು ಖಾತೆಯ ನಿಜವಾದ ಪಾಸ್‌ವರ್ಡ್. ಮೈಕ್ರೋಸಾಫ್ಟ್ ಖಾತೆಯಾದರೆ ಬಳಕೆದಾರ ಹೆಸರಿನ ಜಾಗದಲ್ಲಿ ಪೂರ್ತಿ ಇಮೇಲ್ ಹಾಕಬೇಕು. ಪಾಸ್‌ವರ್ಡೇ ಇಲ್ಲದ ಖಾತೆಯಾದರೆ ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದೇ ಇಲ್ಲ.

ನನ್ನ ಸಲಹೆ: ಶೇರಿಂಗಿಗೆಂದೇ ಒಂದು ಬೇರೆ ಖಾತೆ ಮಾಡಿ. ಫೈಲ್ ಇರುವ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, ಆ್ಯಡ್ ಅಕೌಂಟ್. ಇಮೇಲ್ ಕೇಳಿದಾಗ "ಇವರ ಸೈನ್-ಇನ್ ಮಾಹಿತಿ ನನ್ನ ಬಳಿ ಇಲ್ಲ" ಎಂಬ ಕೊಂಡಿ ಒತ್ತಿ, ಮುಂದಿನ ಪುಟದಲ್ಲಿ ಮೈಕ್ರೋಸಾಫ್ಟ್ ಖಾತೆ ಇಲ್ಲದ ಬಳಕೆದಾರರನ್ನು ಸೇರಿಸುವ ಆಯ್ಕೆ ತೆಗೆದುಕೊಳ್ಳಿ. ಚಿಕ್ಕ ಹೆಸರು, ಗಟ್ಟಿ ಪಾಸ್‌ವರ್ಡ್. ಮನೆಯವರೆಲ್ಲರೂ ಫೋಲ್ಡರ್ ತೆರೆಯಲು ಇದನ್ನೇ ಬಳಸಲಿ. ನಿಮ್ಮ ಇಮೇಲ್ ಪಾಸ್‌ವರ್ಡ್ ಟಿವಿಗೆ ಹೇಳಿಕೊಡುವ ಪಾಡು ತಪ್ಪುತ್ತದೆ.

ಹಿಂದೊಮ್ಮೆ ತಪ್ಪು ಪಾಸ್‌ವರ್ಡ್ ಹಾಕಿ "ನೆನಪಿಡು" ಎಂದಿದ್ದರೆ ವಿಂಡೋಸ್ ಅದನ್ನೇ ಹಿಡಿದುಕೊಂಡು ಕೂತಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆದು, ವಿಂಡೋಸ್ ಕ್ರೆಡೆನ್ಷಿಯಲ್ಸ್ ಒಳಗೆ ಆ ಕಂಪ್ಯೂಟರಿನ ಹೆಸರು ಅಥವಾ ವಿಳಾಸ ಇರುವ ನಮೂದನ್ನು ಅಳಿಸಿ. ಸೈನ್ ಔಟ್ ಆಗಿ ಮತ್ತೆ ಬನ್ನಿ.

ಒಳಗೆ ಹೋದಿರಿ, ಫೈಲ್ ಕಾಣುತ್ತದೆ, ಆದರೆ ಸೇವ್ ಆಗುತ್ತಿಲ್ಲ. ಇದಕ್ಕೆ ಕಾರಣ ವಿಂಡೋಸ್‌ನಲ್ಲಿ ಎರಡು ಕಡೆ ಅನುಮತಿ ಇರುವುದು. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಟ್ಯಾಬ್, ಅಡ್ವಾನ್ಸ್ಡ್ ಶೇರಿಂಗ್, ಪರ್ಮಿಶನ್ಸ್ ಒಂದು. ಸೆಕ್ಯುರಿಟಿ ಟ್ಯಾಬ್ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಅಡ್ವಾನ್ಸ್ಡ್ ಶೇರಿಂಗ್‌ನಲ್ಲಿ ಶುರುವಿನಲ್ಲಿ ಓದುವ ಅನುಮತಿ ಮಾತ್ರ ಇರುತ್ತದೆ. ಹೊಸ ಖಾತೆಯನ್ನು ಎರಡೂ ಕಡೆ ಸೇರಿಸಿ, ಶೇರಿಂಗ್ ಕಡೆ ಚೇಂಜ್, ಸೆಕ್ಯುರಿಟಿ ಕಡೆ ಮಾಡಿಫೈ ಕೊಡಿ.

ಫೈಲ್ ಇರುವುದು ಮ್ಯಾಕ್‌ನಲ್ಲಿ, ತೆರೆಯಬೇಕಾದ್ದು ವಿಂಡೋಸ್‌ನಿಂದ ಎಂದಾದರೆ ಫೈಲ್ ಶೇರಿಂಗ್ ಆನ್ ಮಾಡಿದರೆ ಸಾಲದು. ಅದರ ಆಪ್ಶನ್ಸ್ ಒಳಗೆ ವಿಂಡೋಸ್ ಫೈಲ್ ಶೇರಿಂಗ್ ಕೆಳಗೆ ಆ ಬಳಕೆದಾರರ ಹೆಸರಿಗೆ ಟಿಕ್ ಹಾಕಬೇಕು. ಇಲ್ಲದಿದ್ದರೆ ಸರಿಯಾದ ಪಾಸ್‌ವರ್ಡ್ ಹಾಕಿದರೂ ಒಳಗೆ ಬಿಡುವುದಿಲ್ಲ. ಲಿನಕ್ಸ್‌ನಲ್ಲಿ ಇದೇ ಕೆಲಸ ಮಾಡುವ ಸಾಂಬಾ ಕೂಡ ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಳ್ಳುತ್ತದೆ, ಬಳಕೆದಾರರನ್ನು ಅಲ್ಲಿಗೂ ಬೇರೆಯಾಗಿ ಸೇರಿಸಬೇಕು.

ಹಳೆಯ ಡ್ರೈವ್, ಹೊಸ ವಿಂಡೋಸ್

ವರ್ಷಗಟ್ಟಲೆ ಕೆಲಸ ಮಾಡಿದ ನೆಟ್‌ವರ್ಕ್ ಹಾರ್ಡ್ ಡಿಸ್ಕ್ ಅಥವಾ ರೂಟರಿಗೆ ಚುಚ್ಚಿದ ಯುಎಸ್‌ಬಿ ಡ್ರೈವ್, ಹೊಸ ಕಂಪ್ಯೂಟರಿನಿಂದ ಮಾತ್ರ ತೆರೆಯುತ್ತಿಲ್ಲವೇ? ಹಳೆಯ ಸಾಧನಗಳಿಗೆ ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ ಗೊತ್ತಿರುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುರುಳ ಪ್ರೋಗ್ರಾಂ ಜಗತ್ತಿನಾದ್ಯಂತ ಹರಡಿದ್ದು ಆ ಆವೃತ್ತಿಯ ತೂತಿನಿಂದಲೇ. ಅದೇ ವರ್ಷದ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ವಿಂಡೋಸ್ ಅದನ್ನು ಹಂತಹಂತವಾಗಿ ಕೈಬಿಡುತ್ತಾ ಬಂದಿದೆ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಅದನ್ನು ಮತ್ತೆ ಆನ್ ಮಾಡಬಹುದು, ಅನೇಕರು ಹಾಗೇ ಮಾಡಿ ಎನ್ನುತ್ತಾರೆ. ನಾನು ಬೇಡ ಎನ್ನುತ್ತೇನೆ. ಸಾಧನದ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಅದರ ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಂಬಿ 2 ಅಥವಾ 3 ಆರಿಸಿ. ಅಪ್‌ಡೇಟ್ ಬರದಷ್ಟು ಹಳೆಯದಾದರೆ ಡಿಸ್ಕ್ ಬಿಚ್ಚಿ ಒಂದು ಕಂಪ್ಯೂಟರಿಗೆ ಜೋಡಿಸಿ, ಅಲ್ಲಿಂದ ಶೇರ್ ಮಾಡಿ.

2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಪ್ರೊ ಆವೃತ್ತಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಡ್ರೈವ್ ತೆರೆಯಲು ಅದು ಬಿಡುವುದಿಲ್ಲ. ಅಪ್‌ಡೇಟ್ ಆದ ಮರುದಿನವೇ ಡ್ರೈವ್ ಕಾಣೆಯಾಗಿದ್ದರೆ ಇದೇ ಕಾರಣ ಇರಬಹುದು. ಡ್ರೈವಿನ ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಬಳಕೆದಾರ ಹೆಸರು, ಪಾಸ್‌ವರ್ಡ್ ಇಟ್ಟು ತೆರೆಯಿರಿ.

ಎಲ್ಲ ಫೈಲ್ ಹೋಗುತ್ತದೆ, ಒಂದು ದೊಡ್ಡ ವಿಡಿಯೋ ಮಾತ್ರ ಹೋಗುತ್ತಿಲ್ಲ ಎಂದರೆ ನೆಟ್‌ವರ್ಕ್ ಬೈಯಬೇಡಿ. ಯುಎಸ್‌ಬಿ ಡ್ರೈವ್ ಫ್ಯಾಟ್32 ರೂಪದಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ಒಳಗಿರುವುದನ್ನು ಬೇರೆ ಕಡೆ ತೆಗೆದಿಟ್ಟು, ನಿಮ್ಮ ರೂಟರಿಗೆ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಓದಲು ಬರುತ್ತದೆಯಾ ನೋಡಿಕೊಂಡು ಫಾರ್ಮ್ಯಾಟ್ ಮಾಡಿ.

ಎಲ್ಲ ಸರಿಹೋದ ಮೇಲೆ ಒಂದು ಚೀಟಿ ಬರೆದು ರೂಟರಿನ ತಳಕ್ಕೆ ಅಂಟಿಸಿ. ನಮ್ಮ ಮನೆಯದರಲ್ಲಿ ನಾಲ್ಕೇ ಸಾಲು: ರೂಟರ್ 1, ಒಳಕೋಣೆಯ ರೂಟರ್ 2, ಪ್ರಿಂಟರ್ 20, ಫೈಲ್ ಕಂಪ್ಯೂಟರ್ 25. ಕೆಳಗೆ ಸಣ್ಣದಾಗಿ, "ಪ್ರಿಂಟರಿಗೆ ಕೈಯಾರೆ ವಿಳಾಸ ಕೊಡಬೇಡ" ಎಂದು ನನಗೇ ಬರೆದುಕೊಂಡಿದ್ದೇನೆ.